ಭರಮು ಆಡಿಬಿಟ್ಟ ಮಾತು

ಚಿಕ್ಕೋಡಿಯ ಕಬ್ಬೂರ ರಸ್ತೆಯ ಬಾರಿನಲ್ಲಿ ಭರಮು ದಿನಾ ಕೂರುತ್ತಿದ್ದುದು ಅಡುಗೆಮನೆಯ ಕಿಂಡಿಗೆ ಎದುರಾದ ಮೇಜಿನಲ್ಲಿ. ದನದ ದವಾಖಾನೆಯ ಸಿಪಾಯಿಯಾಗಿದ್ದ ಅವನು ಎರಡು ವರ್ಷದಿಂದ ಆ ಜಾಗ ಬಿಟ್ಟಿರಲಿಲ್ಲ. ಕಿಂಡಿಯ ಆಚೆ ಸುಗಂಧಾ ಮೀನು ಕರಿಯುತ್ತಿದ್ದಳು. ಬೇಡಕಿಹಾಳದವಳು, ಮದುವೆಯಾದ ಮೂರನೆಯ ವರ್ಷಕ್ಕೇ ಗಂಡ ತೀರಿಕೊಂಡಿದ್ದ. "ಭರಮಣ್ಣಾ, ಖಾರ ಸಾಕೇನ?" ಎಂದು ಅವಳು ಕೇಳಿದರೆ ಅವನಿಗೆ ಅವತ್ತಿನ ದಿನ ಸಾರ್ಥಕ. ತನ್ನ ಮನಸ್ಸಿನಲ್ಲಿದ್ದುದನ್ನು ಅವನು ಅವಳಿಗೂ ಹೇಳಿರಲಿಲ್ಲ.

ಹೇಳಲು ಹೆದರಿಕೆಯೂ ಇತ್ತು. ಅವಳಿಗೆ ಆ ಕೆಲಸ ಕೊಡಿಸಿದವನು ಮುರಗೆಪ್ಪ ಸಾವಕಾರ. ನಲವತ್ತು ಎಕರೆ ಕಬ್ಬು, ಮನೆಯಲ್ಲಿ ಹೆಂಡತಿ, ಬೆಳೆದ ಮಕ್ಕಳು. ಸಂಜೆ ಐದಕ್ಕೆ ಬಂದು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ಅವನು ಸುಗಂಧಾಳ ಜೊತೆ ಹೆಚ್ಚು ಮಾತಾಡಿದ್ದನ್ನೂ ಯಾರೂ ಕಂಡಿರಲಿಲ್ಲ. ಆದರೆ ಒಮ್ಮೆ ಲಾರಿ ಡ್ರೈವರನೊಬ್ಬ ಕಿಂಡಿಯೊಳಗೆ ಕೈ ಹಾಕಿ ಅವಳ ಬಳೆ ಹಿಡಿದ. ಎಂಟು ದಿನದ ಮೇಲೆ ಅವನ ಅದೇ ಕೈ ಎರಡು ಕಡೆ ಮುರಿದಿದೆಯೆಂದು ಸುದ್ದಿ ಬಂತು. ಅಂದು ಮುರಗೆಪ್ಪ ಬಾರಿನಲ್ಲಿದ್ದವರಿಗೆಲ್ಲ ಆಮ್ಲೆಟ್ ಕೊಡಿಸಿದ.

ಭರಮುವಿನ ಮೇಜಿಗೆ ಜೊತೆಗಾರ ಸಮಾಧಾನ ಎಂಬುವವನು. ನೀರೆತ್ತುವ ಮೋಟಾರುಗಳ ರಿಪೇರಿಯವನು, ಬೌದ್ಧರ ಓಣಿಯವನು, ಮಾತಿನಲ್ಲಿ ಮೆತ್ತಗೆ. ೨೦೦೮ರ ಜನವರಿಯಲ್ಲಿ ಒಂದು ಮಧ್ಯಾಹ್ನ ಭರಮು ಕಾಲುವೆಯ ದಂಡೆಯಲ್ಲಿ ಅವನನ್ನೂ ಸುಗಂಧಾಳನ್ನೂ ಒಟ್ಟಿಗೆ ಕಂಡ. ಅವಳು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಆ ನಗುವನ್ನು ಅವನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಎರಡು ಪೆಗ್ ಹೊಟ್ಟೆಗೆ ಹೋದ ಮೇಲೆ ಅವನು ಎದ್ದು ಮುರಗೆಪ್ಪನ ಕಿವಿಗೆ ಬಾಗಿದ.

"ಸಾವಕಾರ್ರ, ಸುಗಂಧಾ ಆ ಸಮಾಧಾನನ ಜೋಡಿ ಕಾಲಿವಿ ದಂಡಿಮ್ಯಾಲ ಕುಂತಿದ್ಲರಿ."

ಮುರಗೆಪ್ಪ ಸಿಟ್ಟಾಗಲಿಲ್ಲ. ತಟ್ಟೆಯಲ್ಲಿದ್ದ ಶೇಂಗಾಗಳನ್ನು ಒಂದೊಂದಾಗಿ ಸುಲಿದ.

"ಕರೋಶಿ ಹೊಲದಾಗ ಮೋಟಾರ ಕೆಟ್ಟೈತಿ. ನಾಳೆ ಮಧ್ಯಾಹ್ನ ಅವನ್ನ ಕರಕೊಂಡ ಬಾ. ನನ್ನ ಹೆಸರ ಹೇಳಬ್ಯಾಡ."

"ಆಗ್ಲಿರಿ."

"ನಾಳೆ ಕಬ್ಬಿಗೆ ಬೆಂಕಿ ಹಚ್ಚೂದೈತಿ. ನಮ್ಮ ಹುಡುಗೂರೂ ಅಲ್ಲೇ ಇರ್ತಾವ."

ಮನೆಗೆ ಹೋಗುವಾಗ ಭರಮುವಿನ ನಶೆ ಇಳಿಯಿತು. ಕಟಾವಿಗೆ ಮೊದಲು ಸೋಗೆ ಸುಡುವುದು ಹೊಸತಲ್ಲ. ಆದರೆ ಸುಡುವ ದಿನವೇ ಆ ಹೊಲಕ್ಕೆ ರಿಪೇರಿಯವನನ್ನು ಯಾಕೆ ಕರೆಯಬೇಕು? ನಾಲ್ಕೂ ಬದುವಿನಿಂದ ಬೆಂಕಿ ಬಿದ್ದರೆ ಕಬ್ಬಿನೊಳಗಿಂದ ಹಂದಿಯೂ ಹೊರಗೆ ಬರುವುದಿಲ್ಲ. ಕರೆದೊಯ್ಯದಿದ್ದರೆ? ಆ ಡ್ರೈವರನ ಕೈ ನೆನಪಾಯಿತು.

ಮರುದಿನ ಅವನು ಸಮಾಧಾನನ ಬೈಕಿನ ಹಿಂದೆ ಕೂತು ಹೊರಟ. ಯಾರ ಹೊಲ ಎಂದು ಸಮಾಧಾನ ಕೇಳಲಿಲ್ಲ. ಅವನಿಗೆ ಹೇಳಲು ಬೇರೆಯೇ ಇತ್ತು.

"ಭರಮು, ನಿನಗಷ್ಟ ಹೇಳ್ತೀನಿ. ಮಂಗಳವಾರ ಮಿರಜದಾಗ ನಮ್ಮ ಲಗ್ನ. ನನ್ನದೂ ಸುಗಂಧಾಂದೂ. ನನ್ನ ಕಡಿಂದ ನೀನ ಒಬ್ಬ ಬಾ."

ರಸ್ತೆ ತಿರುಗಿದ ಕಡೆ ಮುರಗೆಪ್ಪನ ಕಬ್ಬು ಕಂಡಿತು. ಅಂಚಿನಲ್ಲಿ ಜೀಪು. ಮೂರು ಮೂಲೆಗಳಲ್ಲಿ ಒಬ್ಬೊಬ್ಬ ನಿಂತಿದ್ದ, ಕೈಯಲ್ಲಿ ಸೀಮೆಎಣ್ಣೆಯ ಡಬ್ಬಿ. ನಾಲ್ಕನೆಯವನು ಕಬ್ಬಿನ ನಡುವಿನ ದಾರಿಯಿಂದ ಬರ್ರಿ ಬರ್ರಿ ಎಂದು ಕೈ ಬೀಸುತ್ತಿದ್ದ.

"ಗಾಡಿ ನಿಲ್ಲಸ!" ಭರಮು ಅವನ ಅಂಗಿ ಜಗ್ಗಿದ. "ಹೊಳ್ಳಸಲೇ, ಹೊಳ್ಳಸ! ಅದು ಮುರಗೆಪ್ಪಂದ ಹೊಲ. ಅಂವಗ ಎಲ್ಲಾ ಗೊತ್ತಾಗೈತಿ."

"ಯಾರ ಹೇಳ್ಯಾರ?"

"ನಾನ. ನಾನ ಹೇಳೇನಿ."

ಸಮಾಧಾನ ತಿರುಗಿ ಅವನ ಮುಖ ನೋಡಿದ. ಬೈಯಲಿಲ್ಲ. "ನಿನಗೂ ಅಕಿ ಮ್ಯಾಲ ಮನಸ್ಸಿತ್ತೇನ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಬೈಕು ತಿರುಗಿಸಿದ. ಹಿಂದೆ ಜೀಪು ಶುರುವಾದ ಸದ್ದು ಕೇಳಿತು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಸಂದಿಯಲ್ಲಿ ಬೈಕು ನುಗ್ಗಿತು. ಜೀಪಿಗೆ ದಾರಿ ಸಿಗಲಿಲ್ಲ. ಬಾರಿನ ಹಿತ್ತಲಲ್ಲಿ ಭರಮು ಇಳಿದ. ಅವನ ಜಾಗದಲ್ಲಿ ಸುಗಂಧಾ ಹಿಟ್ಟಿನ ಕೈಯಲ್ಲೇ ಹತ್ತಿದಳು. ಅರ್ಧ ಗಂಟೆಯಲ್ಲಿ ಅವರಿಬ್ಬರೂ ಚಿಕ್ಕೋಡಿಯಿಂದ ಮಿರಜದ ಬಸ್ಸಿನಲ್ಲಿದ್ದರು.

ಸಂಜೆ ಭರಮು ಬಾರಿಗೆ ಹೋದ. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ. ಕಿಂಡಿಯಲ್ಲಿ ಯಾರೂ ಇರಲಿಲ್ಲ.

"ದಾರ್ಯಾಗಿಂದ ಹೊಳ್ಳಿ ಹೋದ್ರೆಲಾ," ಎಂದ ಮುರಗೆಪ್ಪ.

"ಅಂವಗ ಹೊಲದ ಗುರುತ ಸಿಕ್ತರಿ, ಸಾವಕಾರ್ರ. ನಾ ಏನ ಮಾಡ್ಲಿರಿ?"

ಮುರಗೆಪ್ಪ ತಾನೇ ಅವನ ಗ್ಲಾಸಿಗೆ ಸುರಿದ. "ಕುಡಿ. ಗೆಳ್ಯಾ ಎಲ್ಲಿ ಹೋಗ್ಯಾನಂತ ನಿನಗ ಗೊತ್ತಿರತೈತಿ. ಇವತ್ತ ಅಲ್ಲಂದ್ರ ನಾಳೆ ಹೇಳ್ತಿ. ನನಗೇನ ಗಡಿಬಿಡಿ ಇಲ್ಲ."

ಅಂದಿನಿಂದ ಭರಮು ಮುರಗೆಪ್ಪನ ಮೇಜಿನಲ್ಲೇ ಕೂರಬೇಕಾಯಿತು. ನಶೆಯಲ್ಲಿ ಮಿರಜ ಎಂಬ ಹೆಸರು ಬಾಯಿಂದ ಜಾರೀತೆಂದು ಕಾಮಾಲೆ ರೋಗದ ನೆಪ ಹೇಳಿ ಕುಡಿಯುವುದನ್ನೇ ಬಿಟ್ಟ. ಸೋಡಾ ಹಿಡಿದು, ಸಾವಕಾರ ಎದ್ದು ಹೋಗುವ ಏಳು ಗಂಟೆಯವರೆಗೆ ಹಲ್ಲು ಕಚ್ಚಿ ಕೂತಿರುತ್ತಿದ್ದ. ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಒಂದು ಸಂಜೆ ಹೊರಗೆ ಕಂಡಕ್ಟರನೊಬ್ಬ "ಮಿರಜ್, ಮಿರಜ್" ಎಂದು ಕೂಗಿದಾಗ ಅವನ ಕೈಯಿಂದ ಗ್ಲಾಸು ಬಿದ್ದು ಒಡೆಯಿತು. ಮುರಗೆಪ್ಪ ಚೂರುಗಳನ್ನು ನೋಡಿದ, ಅವನ ಮುಖ ನೋಡಿದ. ಆಮೇಲೆ ಬಾಗಿಲಾಚೆ ರಸ್ತೆಯನ್ನು ಬಹಳ ಹೊತ್ತು ನೋಡಿದ.

ಅದಾದ ಮೂರನೆಯ ದಿನ ಮುರಗೆಪ್ಪನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಗಡೆ ಬಿದ್ದುಹೋಯಿತು. ಅವನು ಬಾರಿಗೆ ಬರುವುದು ನಿಂತ ಮೇಲೂ ಭರಮು ಮೂರು ತಿಂಗಳು ಸುಮ್ಮನಿದ್ದ. ನಂತರ ಒಂದು ಭಾನುವಾರ ಪೇಢೆ ಕಟ್ಟಿಸಿಕೊಂಡು ಮಿರಜಕ್ಕೆ ಹೋದ. ಮೋಟಾರು ರಿಪೇರಿಯ ಅಂಗಡಿಗಳಲ್ಲಿ ವಿಚಾರಿಸಿ ಮನೆ ಹುಡುಕಿದ.

ಬಾಗಿಲು ತೆರೆದವಳು ಸುಗಂಧಾ. ಕಂಕುಳಲ್ಲಿ ಹೆಣ್ಣುಮಗು. ಅವನನ್ನು ಕಂಡು ಅವಳ ಮುಖದ ಬಣ್ಣ ಇಳಿಯಿತು.

"ಹಿಂದ ಯಾರರ ಬಂದಾರೇನ?"

"ಯಾರೂ ಇಲ್ಲವಾ. ಅಂವ ಹಾಸಗಿ ಹಿಡದಾನ. ಸುದ್ದಿ ಹೇಳಾಕ ಬಂದೆ."

ಅವಳು ಅವನನ್ನು ಒಳಗೆ ಕರೆದು, ರಸ್ತೆಯ ಎರಡೂ ಕಡೆ ನೋಡಿ ಚಿಲಕ ಹಾಕಿದಳು. ಸಮಾಧಾನ ಕೆಲಸಕ್ಕೆ ಹೋಗಿದ್ದ. ಭರಮು ಮಗುವಿಗೆ ಕೈ ಚಾಚಿದ. ಅವಳು ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ಬಂದು ಚಹಾ ಇಟ್ಟಳು.

"ಸುಗಂಧಾ, ಅವತ್ತ ಹೇಳಿದಾಂವ ನಾನ..."

"ಗೊತ್ತೈತಿ. ಬಸ್ಸಿನ್ಯಾಗ ಅವರ ಹೇಳಿದ್ರು. ಚಾ ಆರತೈತಿ, ಕುಡಿ."

ಅವನು ಕುಡಿದ. ಅವಳು ನಿಂತೇ ಇದ್ದಳು, ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು.

ಹದಿನೈದು ದಿನ ಬಿಟ್ಟು ಭರಮು ಸಮಾಧಾನ ಕೆಲಸಕ್ಕಿದ್ದ ಅಂಗಡಿಗೆ ಫೋನ್ ಮಾಡಿದ. ಅವನು ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಹೋಗಿದ್ದಾನೆ, ಯಾವ ಊರಿಗೆಂದು ಯಾರಿಗೂ ಹೇಳಿಲ್ಲ ಎಂದರು.