ಮುಂಗಡ ಕೊಟ್ಟ ಊಟ

"ನಾಳಿಗಿ ಎಷ್ಟ ಗಂಟೆಕ್ಕ ಬರ್ಲಿರಿ ಮಾಸ್ತರ?" ಎಂದು ಕಾಸಿಂಸಾಬ ಅಂಗಳದಲ್ಲಿ ನಿಂತು ಕೇಳಿದ.

ಸಂಜೀವಕುಮಾರ ಮಾಸ್ತರರು ಸ್ಟೂಲಿನ ಮೇಲೆ ನಿಂತು, ಬಾಗಿಲಿಗೆ ತೂಗುಹಾಕಿದ ಕಾಗದದ ನಕ್ಷತ್ರದೊಳಗೆ ಬಲ್ಬು ಸಿಕ್ಕಿಸುತ್ತಿದ್ದರು. ಒಂದು ಗಳಿಗೆ ಅವರ ಕೈ ನಿಂತಿತು. ಆಮೇಲೆ ತಿರುಗಿಯೂ ನೋಡದೆ, "ಎಂದಿನಂಗ ಬರ್ರಿ ಕಾಸಿಂಸಾಬ್ರ," ಎಂದರು.

ಒಳಗೆ ಕರ್ಚಿಕಾಯಿ ಕರಿಯುತ್ತಿದ್ದ ಅವರ ಹೆಂಡತಿ ಸುಜಾತಾಳಿಗೆ ಎರಡೂ ಮಾತು ಕೇಳಿಸಿದವು. ಸೌಟು ಹಿಡಿದ ಕೈ ಮುಂದೆ ಸಾಗಲಿಲ್ಲ. ಒಂದು ಒಬ್ಬೆ ಕರ್ಚಿಕಾಯಿ ಪೂರಾ ಕರಕಾದವು.

ಸಿಂದಗಿಯ ಆ ಓಣಿಯಲ್ಲಿ ಕ್ರಿಸ್ಮಸ್ ಮಾಡುವ ಮನೆ ಅದೊಂದೇ. ಸುಜಾತಾ ಸೊಸೆಯಾಗಿ ಬಂದ ಮೊದಲ ವರ್ಷದಿಂದಲೂ ಹಬ್ಬದ ಪದ್ಧತಿ ಹೀಗೇ ಇತ್ತು. ಬೆಳಗಾಗುತ್ತಲೇ ಕಾಸಿಂಸಾಬ ಕತ್ತಿ ಹಿಡಿದು ಬಂದು ಹಿತ್ತಿಲಲ್ಲಿ ಜವಾರಿ ಕೋಳಿ ಹಲಾಲ್ ಮಾಡಬೇಕು. ಅವನ ಕೈಯಿಂದಲೇ ಆದರೆ ಅವನ ಮನೆಯವರೂ ಉಣ್ಣಬಹುದು, ಆಚೆಯ ನಾಲ್ಕು ಮುಸಲ್ಮಾನರ ಮನೆಯವರೂ ಉಣ್ಣಬಹುದು. ಕೋಳಿ ಮುಟ್ಟದ ಧೂಳಪ್ಪನಂಥವರಿಗೆ ಕಟ್ಟೆಯ ಮೇಲೆ ಕರ್ಚಿಕಾಯಿ, ಚಕ್ಕುಲಿ, ಬಾಳೆಹಣ್ಣು. ಚರ್ಚಿನಿಂದ ಮನೆಯವರು ಬರುವಷ್ಟರಲ್ಲಿ ಓಣಿಯ ಅರ್ಧ ಮಂದಿ ಜಮಖಾನದ ಮೇಲೆ ಕೂತಿರುತ್ತಿದ್ದರು. ಯಾರನ್ನೂ ಯಾರೂ ಕರೆದದ್ದಿಲ್ಲ. ಕರೆಯದೆ ಬರುವವರಿಗೆ ಬರಬೇಡಿ ಎಂದು ಹೇಳುವುದು ಹೇಗೆ ಎಂಬುದು ಈ ವರ್ಷದವರೆಗೆ ಯಾರಿಗೂ ಎದುರಾಗಿರದ ಪ್ರಶ್ನೆ.

ಈ ವರ್ಷ ಎದುರಾಗಿತ್ತು. ಕಲಬುರಗಿಗೆ ಕೊಟ್ಟ ಮಗಳು ಹಬ್ಬಕ್ಕೆ ಬರುತ್ತಿರಲಿಲ್ಲ. ಹದಿನೈದು ದಿನದ ಹಿಂದೆ ವಿಜಯಪುರ ರಸ್ತೆಯ ಹೊಸ ಹೋಟೆಲಿನ ಮುಂದೆ ಬಸ್ಸು ನಿಂತಾಗ ಸುಜಾತಾ ಬೋರ್ಡು ಓದಿದ್ದಳು: ಕ್ರಿಸ್ಮಸ್ ಸ್ಪೆಷಲ್ ಊಟ, ಫ್ಯಾಮಿಲಿ ರೂಮು ಇದೆ, ಕೇಕು ಉಚಿತ. ಮರುದಿನವೇ ಬ್ಲೌಸು ಹೊಲಿದು ಕೂಡಿಸಿದ್ದ ದುಡ್ಡಿನಲ್ಲಿ ಎರಡು ತಾಟಿಗೆ ಮುಂಗಡ ಕೊಟ್ಟು ಬಂದಳು. ಆಕೆಗೆ ಹೋಟೆಲಿನ ಚಪಲವೇನೂ ಇರಲಿಲ್ಲ. ಹಬ್ಬದ ದಿನ ಒಮ್ಮೆಯಾದರೂ ತಾನು ಕೂತಿರಬೇಕು, ಮತ್ತೊಬ್ಬರು ಬಡಿಸಬೇಕು, ಇಷ್ಟೇ ಆಸೆ. ಮಂದಿಗೆಲ್ಲ ಬಡಿಸಿ ಕೈ ತೊಳೆಸಿ ಆಕೆ ತಾಟು ಹಾಕಿಕೊಳ್ಳುವ ಹೊತ್ತಿಗೆ ಪಾತ್ರೆಯಲ್ಲಿ ಕೊರಳಿನ ತುಂಡು, ರೆಕ್ಕೆಯ ತುಂಡು ಉಳಿದಿರುತ್ತಿದ್ದವು. ಅವುಗಳ ಮೇಲೆ ಆಕೆಗೆ ಸಿಟ್ಟಿರಲಿಲ್ಲ, ಬೇಸರ ಬಂದಿತ್ತು.

ಮಾಸ್ತರರು ಆಗಲೇ ಗೊಣಗಿದ್ದರು. "ಎರಡು ತಾಟಿನ ರೊಕ್ಕದಾಗ ಇಡೀ ಓಣಿ ಉಣ್ಣತೈತಿ. ಅಲ್ಲಿ ಏನು ಬಂಗಾರ ಬಡಸ್ತಾರೇನು?"

"ಬಂಗಾರ ಬ್ಯಾಡ್ರಿ. ಬಡಸ್ತಾರಲ್ಲ, ಅಷ್ಟ ಸಾಕು."

"ಮತ್ತ ಬರೋ ಮಂದೀಗಿ?"

"ಈ ವರ್ಷ ಇಲ್ಲ ಅಂತ ಹೇಳ್ರಿ. ಮಗಳು ಬಂದಿಲ್ಲ ಅನ್ರಿ. ಯಾರು ತಪ್ಪ ತಿಳ್ಕೋತಾರ?"

"ಹೇಳ್ತೇನಿ, ಹೇಳ್ತೇನಿ," ಎಂದಿದ್ದರು ಮಾಸ್ತರರು. ಅವರದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿದ ಮನುಷ್ಯನಿಗೆ ದೊಡ್ಡವರ ಮುಂದೆ 'ಇಲ್ಲ' ಎನ್ನುವ ಎರಡಕ್ಷರ ಹೊರಡುತ್ತಿರಲಿಲ್ಲ. ದಿನ ಒಂದೊಂದಾಗಿ ಜಾರಿದವು. ಈಗ ನಾಳೆಯೇ ಹಬ್ಬ, ಇಂದು ಕಾಸಿಂಸಾಬ ಬಂದು ಕೇಳಿದ್ದೂ ಆಯಿತು, ಅವರು ಬರ್ರಿ ಎಂದದ್ದೂ ಆಯಿತು.

ಕಾಸಿಂಸಾಬ ಹೋದ ಮೇಲೆ ಸುಜಾತಾ ಒಲೆ ಆರಿಸಿ ಹೊರಗೆ ಬಂದಳು.

"ಬರ್ರಿ ಅಂದ್ರಲ್ಲ?"

ಮಾಸ್ತರರು ಸ್ಟೂಲಿನಿಂದ ಇಳಿದು, ಇಲ್ಲದ ಧೂಳನ್ನು ಕೈಯಿಂದ ಝಾಡಿಸಿಕೊಂಡರು. "ಭಿಡೆ ಐತೆಲ್ಲ ಸುಜಾತಾ. ಅಂವ ಬಾಗಲಕ್ಕ ಬಂದು ಕೇಳಿದ. ಮಾರಿ ಮ್ಯಾಲ ಹೆಂಗ ಅನ್ನೂದು? ಮುಂಗಡ ಹೋದ್ರ ಹೋಗ್ಲಿ, ಮುಂದಿನ ವರ್ಷ ಹೋಗೂಣು."

"ಮುಂಗಡ ಯಾಕ ಹೋಗ್ಬೇಕು? ನೀವು ಬರ್ರಿ ಅಂದೀರಿ, ನೀವ ಅಡಗಿ ಮಾಡಿ ಹಾಕ್ರಿ. ನಾ ಹೋಟೆಲ್ಲಿಗೆ ಹೋಗ್ತೇನಿ."

"ಒಬ್ಬಾಕಿನ?"

"ಎರಡು ತಾಟು ಅದಾವು. ಯಾರಾರ ಬರ್ತಾರ."

ಮಾಸ್ತರರು ನಕ್ಕರು. ಅವರಿಗೆ ಒಳಗೊಳಗೆ ಧೈರ್ಯವಿತ್ತು. ಈಗ ಹೀಗನ್ನುತ್ತಾಳೆ, ಬೆಳಿಗ್ಗೆ ಕೋಳಿ ಕಣ್ಣಿಗೆ ಬಿದ್ದರೆ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚೇ ಹಚ್ಚುತ್ತಾಳೆ ಎಂದುಕೊಂಡು ಊಟ ಮಾಡಿ ಮಲಗಿದರು. ಸುಜಾತಾಳಿಗೂ ತನ್ನ ಮೇಲೆ ಅದೇ ಅನುಮಾನವಿತ್ತು. ಅದಕ್ಕೇ ಆಕೆಗೆ ಬೇಗ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕಾಸಿಂಸಾಬ ಬಂದ, ಬಿಸ್ಮಿಲ್ಲಾ ಹೇಳಿ ಕೋಳಿ ಕೊಯ್ದ, ಪುಕ್ಕ ತೆಗೆದು ತುಂಡು ಮಾಡಿ ಬೋಗುಣಿಗೆ ಹಾಕಿಕೊಟ್ಟ. ಸುಜಾತಾ ಆ ಹೊತ್ತಿಗೆ ಮಿಂದು, ಮಗಳು ಕಳಿಸಿದ ಹಸಿರು ಸೀರೆ ಉಟ್ಟು ನಿಂತಿದ್ದಳು. ಬೋಗುಣಿ ನೋಡಿ ಆಕೆಯ ಕೈ ಒಮ್ಮೆ ತುಡಿದದ್ದು ನಿಜ. ಚರ್ಚಿಗೆ ಹೋಗುವ ಮುಂಚೆ ಅದನ್ನು ಒಲೆಗಿಡುವುದು ಆಕೆಯ ರೂಢಿ. ಆದರೆ ಆಕೆ ಬೋಗುಣಿಯ ಮೇಲೆ ತಾಟು ಮುಚ್ಚಿ, "ಖಾರದ ಡಬ್ಬಿ ಇಲ್ಲೈತಿ, ಉಪ್ಪು ಅದರ ಬಾಜೂಕ. ಶೇಂಗಾಪುಡಿ ಮ್ಯಾಲಿನ ಹಲಗಿ ಮ್ಯಾಲ. ರೊಟ್ಟಿ ನಿನ್ನಿ ಬಡದಿಟ್ಟೇನಿ," ಎಂದು ಗಂಡನಿಗೆ ತೋರಿಸಿ ಬೈಬಲ್ಲು ತೆಗೆದುಕೊಂಡಳು.

ಚರ್ಚಿನಲ್ಲಿ ಮಾಸ್ತರರ ಹಾಡು ಅಂದು ಯಾಕೋ ಮೇಲೇಳಲಿಲ್ಲ. ಆರಾಧನೆ ಮುಗಿದದ್ದೇ ತಡ, ಅವರು ಕೇಕಿಗೂ ನಿಲ್ಲದೆ ಮನೆಗೆ ಓಡಿದರು. ಸುಜಾತಾ ಓಣಿಯ ತಿರುವಿನಲ್ಲಿ ಕಾಸಿಂಸಾಬನ ಮನೆ ಹೊಕ್ಕಳು. ಅವನ ಹೆಂಡತಿ ಅಖ್ತರಬೇಗಂ ಕನ್ನಡಿಯ ಮುಂದೆ ಕೂತು ಕಿವಿಗೆ ಝುಮಕಿ ಹಾಕಿಕೊಳ್ಳುತ್ತಿದ್ದಳು.

"ಆಪಾ, ನಡಿ, ಊಟಕ್ಕ ಹೋಗೂಣು."

"ನಿಮ್ಮನಿಗೇ ಹೊಂಟೇನವಾ. ನೀ ಯಾಕ ಕರಿಯಾಕ ಬಂದಿ? ಎಂದಿಲ್ಲದ್ದು?"

"ನಮ್ಮನಿಗಲ್ಲ. ಹೋಟೆಲ್ಲಿಗೆ. ರೊಕ್ಕ ಕೊಟ್ಟೇನಿ, ಒಂದು ತಾಟು ನಿಂದು."

ಅಖ್ತರಬೇಗಂ ಝುಮಕಿ ಕೈಯಲ್ಲಿ ಹಿಡಿದೇ ತಿರುಗಿದಳು. "ಮಾಸ್ತರ್ಗೂ ನಿನಗೂ ಜಗಳ ಆತೇನು?"

"ಜಗಳ ಎಲ್ಲೀದು. ಅವರು ಅಡಗಿ ಮಾಡಾಕತ್ತಾರ."

ಅಖ್ತರಬೇಗಂಗೆ ಬಂದ ನಗು ಎಂಥದ್ದೆಂದರೆ, ಹಾಕಿದ ಝುಮಕಿಯೂ ಕಳಚಿ ಬಿತ್ತು. ಆಮೇಲೆ ನಗು ನಿಲ್ಲಿಸಿ ಸುಜಾತಾಳ ಮುಖ ನೋಡಿದಳು. ಇನ್ನೇನೂ ಕೇಳದೆ ಬುರ್ಖಾ ತೊಟ್ಟು, "ನಡಿ," ಎಂದಳು.

ಹೋಟೆಲಿನಲ್ಲಿ ಅವರನ್ನು ಎದುರುಗೊಂಡವನು ಮಾಳಿಂಗಪ್ಪ ಎಂಬ ನಡುವಯಸ್ಸಿನ ಮಾಣಿ. ಮಾಲಕರ ಆಜ್ಞೆಯಂತೆ ತಲೆಗೆ ಕೆಂಪು ಗೊಂಡೆಯ ಟೊಪ್ಪಿಗೆ ಇಟ್ಟಿದ್ದ. ಹಣೆಯ ಮೇಲೆ ಭಂಡಾರದ ಅರಿಶಿನ ಹಾಗೇ ಇತ್ತು. ಫ್ಯಾಮಿಲಿ ರೂಮಿನ ಪರದೆ ಸರಿಸುತ್ತ, "ಗಂಡಸ್ರು ಹಿಂದ ಬರಾಕತ್ತಾರೇನ್ರಿ?" ಎಂದು ಕೇಳಿದ.

"ಇಲ್ಲಪಾ. ಗಂಡಸ್ರು ಒಲಿ ಮುಂದ ಅದಾರ," ಎಂದಳು ಅಖ್ತರಬೇಗಂ. ಕೂತ ಮೇಲೆ ಅವಳಿಗೆ ನೆನಪಾಯಿತು. "ತಮ್ಮಾ, ಮಟನ್ ಎಲ್ಲಿಂದ ತರ್ತೀರಿ?"

"ಜುಲ್ಫಿಕರಣ್ಣನ ಅಂಗಡಿಯಿಂದ್ರಿ."

"ಹಂಗಾದ್ರ ತಾ. ನಮ್ಮ ಅಕ್ಕನ ಮಗ ಅಂವ. ತೂಕದಾಗ ಮೋಸ ಮಾಡ್ತಾನ, ಹಲಾಲದಾಗ ಮಾಡೂದಿಲ್ಲ."

ತಾಟು ಬರುವ ಮೊದಲೇ ಮಾಸ್ತರರ ಫೋನು ಬಂತು. ಹಿಂದೆ ಪಾತ್ರೆ ಬಡಿದ ಸದ್ದು, ಕಾಸಿಂಸಾಬ ಯಾರನ್ನೋ ನೀರು ಕೇಳುವ ಸದ್ದು. ಕತ್ತಿ ಹಿಡಿಯುವುದು ಗೊತ್ತಿದ್ದವನೊಬ್ಬ, ಸೀಮೆಸುಣ್ಣ ಹಿಡಿಯುವುದು ಗೊತ್ತಿದ್ದವರೊಬ್ಬರು. ಅಂದಿನ ಅಡುಗೆ ಈ ಇಬ್ಬರ ಪಾಲಿಗೆ ಬಂದಿತ್ತು.

"ಖಾರ ಎಷ್ಟ ಹಾಕ್ಲಿ?"

"ನೋಡಿ ಹಾಕ್ರಿ."

"ನೋಡಿ ಅಂದ್ರ ಎಷ್ಟು? ಲೆಕ್ಕ ಹೇಳು."

"ಲೆಕ್ಕ ನನಗೂ ಗೊತ್ತಿಲ್ರಿ. ರುಚಿ ನೋಡ್ರಿ, ಸಾಲಲಿಲ್ಲ ಅಂದ್ರ ಮತ್ತ ಹಾಕ್ರಿ." ಆಕೆ ಸುಮ್ಮನೆ ಹೇಳಿದ್ದಲ್ಲ, ಖರೇನೇ ಆಕೆಗೆ ಲೆಕ್ಕ ಗೊತ್ತಿರಲಿಲ್ಲ.

ಮಾಳಿಂಗಪ್ಪ ತಾಟು ತಂದಿಟ್ಟ. ಮಟನ್ ಸುಕ್ಕಾ, ಸಾರು, ಚಪಾತಿ, ಬಿರ್ಯಾನಿ, ಉಳ್ಳಾಗಡ್ಡಿ, ನಿಂಬೆಹಣ್ಣು. ಸುಜಾತಾ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಅಖ್ತರಬೇಗಂ ಅದು ಮುಗಿಯುವ ತನಕ ಕೈ ಹಚ್ಚದೆ ಕೂತಳು. ಮೊದಲ ತುತ್ತಿಗೇ ಸುಜಾತಾಳ ನಾಲಿಗೆ ಸುಟ್ಟಿತು. ಆಕೆ ಬಾಯಿ ತೆರೆದು ಉಫ್ ಉಫ್ ಎಂದು ಗಾಳಿ ಎಳೆದುಕೊಂಡು, ತನಗೇ ನಗು ಬಂದು, ಮತ್ತೊಂದು ತುತ್ತು ಹಾಕಿಕೊಂಡಳು.

ಊಟ ಅಂಥ ಹೇಳಿಕೊಳ್ಳುವ ಹಾಗೇನೂ ಇರಲಿಲ್ಲ. ಸುಕ್ಕಾಕ್ಕೆ ಎಣ್ಣೆ ಹೆಚ್ಚು, ಸಾರಿಗೆ ಕೊಬ್ಬರಿ ಹುರಿದದ್ದು ಸಾಲದು, ಬಿರ್ಯಾನಿಗೆ ಬಣ್ಣವೇ ಜಾಸ್ತಿ. ಇದೆಲ್ಲ ಸುಜಾತಾಳ ನಾಲಿಗೆಗೆ ಗೊತ್ತಾಗುತ್ತಲೇ ಇತ್ತು. ಆದರೂ ಆಕೆಗೆ ಖುಷಿಯಾಗಿತ್ತು, ಮುಚ್ಚಿಡಲಾರದಷ್ಟು ಖುಷಿ. ಅಖ್ತರಬೇಗಂಳ ತಾಟಿನಲ್ಲಿ ಚಪಾತಿ ಮುಗಿದದ್ದು ಕಂಡು ಸುಜಾತಾ ತನಗೆ ಗೊತ್ತಿಲ್ಲದೆಯೇ ಕುರ್ಚಿಯಿಂದ ಅರ್ಧ ಎದ್ದಳು. ಅಖ್ತರಬೇಗಂ ಎಡಗೈಯಿಂದ ಆಕೆಯ ಸೆರಗು ಹಿಡಿದು ಕೂರಿಸಿದಳು. "ಕುಂದ್ರು. ಅಂವ ತರ್ತಾನ." ಮಾಳಿಂಗಪ್ಪ ತಂದ.

ಆಮೇಲೆ ಅಖ್ತರಬೇಗಂ ಎಲುಬು ತಾಟಿನ ಅಂಚಿಗಿಟ್ಟು ಹೇಳಿದಳು, "ಸುಜಾತಾ, ಇಷ್ಟು ವರ್ಷ ನಿಮ್ಮನಿ ಹಬ್ಬದೂಟ ಉಂಡೇನಿ. ನೀ ಉಣ್ಣೂದು ನೋಡಿದ್ದು ಇವತ್ತ ಮೊದಲ."

ಸುಜಾತಾ ಲೋಟ ಎತ್ತಿ ನೀರು ಕುಡಿದಳು. "ಬಿರ್ಯಾನಿ ಹಾಕ್ಕೋ ಆಪಾ," ಎಂದಳು.

"ನೀ ಹಾಕ್ಕೋ ಮೊದಲ."

ಸುಜಾತಾ ಹಾಕಿಕೊಂಡಳು. ಉಚಿತದ ಕೇಕು ಒಣಗಿತ್ತು. ಅದನ್ನೂ ಇಬ್ಬರೂ ಬಿಡಲಿಲ್ಲ. ಉಳಿದ ದುಡ್ಡು ಕೊಟ್ಟು ಹೊರಗೆ ಬಂದಾಗ ಬಿಸಿಲು ವಾಲಿತ್ತು. ಹೊಟ್ಟೆ ಭಾರವಾಗಿತ್ತು. ಆಟೋ ಬೇಡವೆಂದು ಇಬ್ಬರೂ ನಡೆದೇ ಬಂದರು, ದಾರಿಯಲ್ಲಿ ಒಂದೊಂದು ಪಾನ್ ಹಾಕಿಕೊಂಡು.

ಓಣಿ ಹೊಕ್ಕಾಗ ಧೂಳಪ್ಪ ಕಟ್ಟೆಯಿಂದ ಏಳುತ್ತಿದ್ದ. "ಎಲ್ಲಿ ಹೋಗಿದ್ರಿ ಅಕ್ಕಾರ? ಮಾಸ್ತರು ಬರೋಬ್ಬರಿ ಸಂಭಾಳಿಸಿದ್ರು ನೋಡ್ರಿ. ಅನ್ನ ತಳ ಹಿಡದಿತ್ತಂತ, ನಮಗೇನ ಗೊತ್ತು, ನಾವು ಕರ್ಚಿಕಾಯಿ ಮಂದಿ." ಎರಡು ಕರ್ಚಿಕಾಯಿ ಅವನ ಅಂಗಿಯ ಜೇಬಿನಲ್ಲಿದ್ದವು. ಅಖ್ತರಬೇಗಂ ನಗುತ್ತ ತನ್ನ ಮನೆಯ ಕಡೆ ತಿರುಗಿದಳು.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದು ಹಾಸಿದಂತೆಯೇ ಇತ್ತು. ಮಂದಿಯೆಲ್ಲ ಉಂಡು ಹೋಗಿದ್ದರು. ಕಾಸಿಂಸಾಬ ಹಿತ್ತಿಲಲ್ಲಿ ಪಾತ್ರೆಗೆ ನೀರು ಹಾಕುತ್ತಿದ್ದ. ಅಡುಗೆಮನೆಯ ಬಾಗಿಲಿನ ಒಳಗೆ, ಗೋಡೆಗೆ ಬೆನ್ನು ಹಚ್ಚಿ, ಮಾಸ್ತರರು ತಾಟು ಮುಂದಿಟ್ಟುಕೊಂಡು ಕೂತಿದ್ದರು. ಅಂಗಿಯ ತೋಳಿಗೆ ಖಾರ ಮೆತ್ತಿತ್ತು. ಬೆಳಿಗ್ಗೆ ಬಾಚಿದ ಕೂದಲು ಹಣೆಗೆ ಅಂಟಿತ್ತು. ತಾಟಿನಲ್ಲಿ ಒಂದು ರೊಟ್ಟಿ, ತಳದ ಅನ್ನ, ಒಂದು ಕೊರಳಿನ ತುಂಡು.

ಸುಜಾತಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಾಸ್ತರರು ತಲೆ ಎತ್ತಿ ನೋಡಿದರು. ಪಾನಿನಿಂದ ಕೆಂಪಾದ ಆಕೆಯ ತುಟಿ ನೋಡಿದರು.

"ಹೆಂಗಿತ್ತು? ಕೊಟ್ಟ ರೊಕ್ಕಕ್ಕ ಆತೇನು?" ಎಂದು ಕೇಳಿದರು. ದನಿಯಲ್ಲಿ ಕುಹಕ ಇರಬೇಕಿತ್ತು, ದಣಿವಿನಲ್ಲಿ ಅದು ಬರಲಿಲ್ಲ.

"ಆತ್ರಿ," ಎಂದಳು.

ಅವರು ಒಂದು ತುತ್ತು ಕಲಸಿದರು. ಶೇಂಗಾಪುಡಿಯ ಸಾರು ಗಟ್ಟಿಯಾಗಿ ಪದರು ಕಟ್ಟಿತ್ತು; ಬೆರಳಿಗೆ ಪದರೇ ಎದ್ದು ಬಂತು. "ಆರಿಬಿಟ್ಟೈತಿ ಇದು," ಎಂದು ತಾಟನ್ನು ಆಕೆಯ ಕಡೆಗೆ ಒಂದಿಷ್ಟು ಸರಿಸಿದರು, ಒಲೆಯ ಮೇಲಿಟ್ಟು ಕೊಡು ಎಂಬಂತೆ.

ಸುಜಾತಾ ತಾಟಿಗೆ ಕೈ ಹಚ್ಚಲಿಲ್ಲ. ಎದುರಿಗೆ ಮಣೆ ಎಳೆದುಕೊಂಡು ಕೂತಳು. ಸಿಟ್ಟಿಲ್ಲದೆ, ಗೊತ್ತಿದ್ದ ಊರಿನ ದಾರಿ ಹೇಳುವ ಹಾಗೆ ಹೇಳಿದಳು, "ಹೌದ್ರಿ. ಕಡೀಕ ಉಂಡ್ರ ಆರಿಬಿಟ್ಟಿರತೈತಿ."

ಹಿತ್ತಿಲಲ್ಲಿ ನೀರು ಬೀಳುವ ಸದ್ದು ನಿಂತಿತು. ಮಾಸ್ತರರು ಆಕೆಯನ್ನು ನೋಡಿದರು, ಆಮೇಲೆ ತಾಟನ್ನು ಬಹಳ ಹೊತ್ತು ನೋಡಿದರು. ಅದನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ರೊಟ್ಟಿ ಮುರಿದರು.