ಇಪ್ಪತ್ತು ಅಡಿಯ ಶ್ರದ್ಧಾಂಜಲಿ

ತೂಕ ಮಾಡುವ ಹನೀಫ ತೀರಿಕೊಂಡ ಮರುದಿನವೇ ಬ್ಯಾಡಗಿಯಲ್ಲಿ ಅವನು ದುಡಿಯುತ್ತಿದ್ದ ಮೆಣಸಿನಕಾಯಿ ಅಂಗಡಿಯ ಮುಂದೆ ಇಪ್ಪತ್ತು ಅಡಿಯ ಶ್ರದ್ಧಾಂಜಲಿ ಫ್ಲೆಕ್ಸ್ ಎದ್ದಿತು. ಅದರ ತುಂಬ ಕೈಮುಗಿದ ಸಾವಕಾರರೇ; ಹನೀಫ ಮೂಲೆಯಲ್ಲಿ, ಅಂಗೈಯಷ್ಟು.

ಅವನ ಜೊತೆ ಹದಿನೆಂಟು ವರ್ಷ ದುಡಿದ ಫಕ್ಕೀರವ್ವನ ಮೈ ಉರಿಯಿತು. ಬಿಸಿಲಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರಿಗೆ ಒಂದು ತಾಡಪತ್ರಿ ಕಟ್ಟಿಸಿರೆಂದು ಹನೀಫ ಮೂರು ಬೇಸಿಗೆ ಕೇಳಿದ್ದ. ಸಾವಕಾರರು ಪ್ರತಿ ಸಲವೂ ಮುಂದಿನ ವರ್ಷಕ್ಕೆ ದೂಡಿದ್ದರು. ಆ ಹೆಂಗಸರಿಗಿಲ್ಲದ ನೆರಳು ತನಗೂ ಬೇಡವೆಂದು ಹನೀಫ ಫ್ಯಾನಿನಡಿಯ ಕುರ್ಚಿ ಬಿಟ್ಟು ಬಿಸಿಲಲ್ಲೇ ನಿಂತು ತೂಗುತ್ತಿದ್ದ.

ಫಕ್ಕೀರವ್ವ ಚೀಲ ಕೊಯ್ಯುವ ಚಾಕುವಿನಿಂದ ಫ್ಲೆಕ್ಸಿನ ಹಗ್ಗ ಕೊಯ್ದಳು. ಮಧ್ಯಾಹ್ನ ಸಾವಕಾರರು ಬಂದಾಗ ಫ್ಲೆಕ್ಸು ಹೆಂಗಸರ ತಲೆಯ ಮೇಲೆ ಚಪ್ಪರವಾಗಿತ್ತು.

“ಯಾರಬೇ ಇದನ್ನ ಬಿಚ್ಚಿದಾಕಿ?”

“ನಾನರಿ. ಹನೀಫಣ್ಣ ಕೇಳಿದ್ದ ನೆರಳು ಇದು. ನೀವು ಕೊಡಾಕ ಅಣ್ಣ ಸಾಯಬೇಕಾತು.”