ಕೈ ಎತ್ತಿ ನಿಂತವರು

ಬಂದೂಕು ತಪಾಸಣೆಯ ಸಾಲಿನಲ್ಲಿ ಲ್ಯೂಷಸ್ ಪೆಟವೇ ಎರಡನೇ ಸಲ ನಿಂತಿದ್ದ. ಮೊದಲ ಸಲವೇ ಪಾಸಾಗಿತ್ತು. ಆದರೂ ರಾಯ್ಸ್ ಕ್ರೆನ್‌ಷಾ ಕುದುರೆಯಿಂದ ಇಳಿಯದೆಯೇ ಬೆರಳು ತೋರಿಸಿ, "ಆ ನೀಲಿ ಕೋಟಿನವರದ್ದು ಇನ್ನೊಂದ್ ಸಲ ನೋಡ್ಬಿಡ್ರಪ್ಪ, ಯಾಕೆ ಸುಮ್ನೆ ರಿಸ್ಕು" ಅಂದಿದ್ದ. ನೀಲಿ ಕೋಟಿನವರು ಅಂದರೆ ಲ್ಯೂಷಸನ ಪಡೆ. ಇಪ್ಪತ್ತೆರಡು ಜನ, ಎಲ್ಲರೂ ಕಪ್ಪು ಮಂದಿ. ವಾರವೆಲ್ಲ ಲಾರಿ ಓಡಿಸುವ, ಪಾಠ ಹೇಳುವ, ಮೀನು ಹುರಿಯುವ ಇವರು ರಜೆ ಬಂತೆಂದರೆ ಅಂತರ್ಯುದ್ಧದ ಕಾಲದ ಸರ್ಕಾರಿ ಸೈನಿಕರ ವೇಷ ತೊಟ್ಟು, ಹಳೆಯ ರಣರಂಗಗಳಲ್ಲಿ ಆ ಕದನಗಳನ್ನು ಆಡಿ ತೋರಿಸುತ್ತಿದ್ದರು.

ಆಟದ ಬಂದೂಕಿಗೆ ಬರೀ ಮದ್ದಿನ ಪುಡಿ ತುಂಬುವುದು. ಗುಂಡು ಯಾವತ್ತೂ ಇಲ್ಲ. ಅದಕ್ಕೇ ಈ ತಪಾಸಣೆ. ಖಾಲಿ ನಳಿಗೆಯೊಳಗೆ ಉಕ್ಕಿನ ಕಡ್ಡಿಯೊಂದನ್ನು ಬಿಡುತ್ತಾರೆ. ಠಣ್ ಎಂದರೆ ಸರಿ, ದಪ್ ಎಂದರೆ ಒಳಗೆ ಏನೋ ಇದೆ. ಲ್ಯೂಷಸನ ಬಂದೂಕು ಎರಡು ಸಲವೂ ದೇವಸ್ಥಾನದ ಗಂಟೆಯ ಹಾಗೆ ಠಣ್ ಎಂದಿತು.

"ಮತ್ತೆ ಅವರದ್ದು, ಮಿಸ್ಟರ್ ಕ್ರೆನ್‌ಷಾ?" ಎಂದು ಲ್ಯೂಷಸ್ ಬೂದು ಕೋಟಿನವರ ಕಡೆ, ಅಂದರೆ ದಕ್ಷಿಣದ ಬಂಡಾಯ ಸೈನಿಕರ ವೇಷ ತೊಟ್ಟ ಕ್ರೆನ್‌ಷಾನ ಪಡೆಯ ಕಡೆ, ಗದ್ದ ಎತ್ತಿದ.

"ನಮ್ಮ ಹುಡುಗ್ರಾ? ಅವರನ್ನ ಚಡ್ಡಿ ಹಾಕೋಕ್ ಬರದೇ ಇರೋ ಕಾಲದಿಂದ ಬಲ್ಲೆ ಕಣೋ ಲ್ಯೂಷಸ್. ಜನ ಬಿಸಿಲಲ್ಲಿ ಬೇಯ್ತಾ ಇದಾರೆ, ನಡಿ ನಡಿ."

ಅರವತ್ತಾರು ವರ್ಷದ ಲ್ಯೂಷಸನಿಗೆ "ಕಣೋ" ಅಂದವನು ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಲ್ಯೂಷಸ್ ಬಂದೂಕು ಹೆಗಲಿಗೇರಿಸಿ ನಡೆದ. ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಬೆಳಿಗ್ಗೆಯೇ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ರಣರಂಗಗಳ ಈ ಹುಚ್ಚು ಹತ್ತಿಸಿದವನು ಅವನ ಅಣ್ಣ ಓಜೆಲ್. ಬೇರೆಯವರು ರಜೆಗೆ ಸಮುದ್ರ ನೋಡಲು ಹೋದರೆ ಈ ಅಣ್ಣ ತಮ್ಮಂದಿರು ಹೆಂಡತಿಯರನ್ನು ಕಾರಿನಲ್ಲಿ ತುಂಬಿಕೊಂಡು ಶೈಲೋದ ಪೀಚ್ ತೋಪಿಗೋ ವಿಕ್ಸ್‌ಬರ್ಗಿನ ಗುಡ್ಡಕ್ಕೋ ಹೋಗುತ್ತಿದ್ದರು. ಓಜೆಲ್ ಒಂದೊಂದು ಬೋರ್ಡಿನ ಮುಂದೆಯೂ ಟೋಪಿ ತೆಗೆದು ನಿಂತು, ಕೊನೆಯ ಅಕ್ಷರದವರೆಗೆ ಓದುತ್ತಿದ್ದ. ಊರೂರಿನ ಸತ್ಯ ಓದಿ ಮನೆಗೆ ಬಂದರೆ, ಟೆನೆಸಿಯ ತಮ್ಮದೇ ಊರಿನ ಹ್ಯಾಚರ್ ದಿಬ್ಬದ ಮೇಲೆ ನಿಂತಿದ್ದ ಬೋರ್ಡು ಮಾತ್ರ ಹಸಿ ಸುಳ್ಳು ಹೇಳುತ್ತಿತ್ತು: "ಇಲ್ಲಿನ ಕಾವಲು ಪಡೆ ವೀರೋಚಿತವಾಗಿ ಹೋರಾಡಿ ಶರಣಾಯಿತು." ಅಷ್ಟೇ. ಶರಣಾದ ಮೇಲೆ ಏನಾಯಿತು? ಬಂದೂಕು ಕೆಳಗಿಟ್ಟು ಕೈ ಎತ್ತಿ ನಿಂತ ಕಪ್ಪು ಸೈನಿಕರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಅವರಲ್ಲಿ ಪೆಟವೇ ಮನೆಯ ಹಿರಿಯನೊಬ್ಬ. ಕೊಲ್ಲಲು ಅಪ್ಪಣೆ ಕೊಟ್ಟವನು ಕ್ರೆನ್‌ಷಾ ಮನೆಯ ಹಿರಿಯ. ಊರಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ, ಹೇಳುವವರೂ ಯಾರೂ ಇಲ್ಲ.

ಆ ಬೋರ್ಡಿಗೆ ಒಂದೇ ಒಂದು ಸಾಲು ಸೇರಿಸಿ ಎಂದು ಓಜೆಲ್ ಸಮಿತಿಗೆ ಅರ್ಜಿ ಕೊಡುತ್ತಲೇ ಬಂದ. ಸಮಿತಿಯ ಅಧ್ಯಕ್ಷ ಯಾರು? ರಾಯ್ಸ್ ಕ್ರೆನ್‌ಷಾ. ಕೋಳಿ ನ್ಯಾಯ ಕೇಳಲು ನರಿಯ ಬಾಗಿಲಿಗೆ ಹೋದ ಹಾಗಾಯಿತು. ಹೋದ ವರ್ಷದ ಆಟ ಮುಗಿದಾಗ ಓಜೆಲ್ ಪ್ರೇಕ್ಷಕರನ್ನು ತಡೆಯಲು ಕಟ್ಟಿದ ಹಗ್ಗದಾಚೆ ನಿಂತು ಎಲ್ಲರೆದುರೇ ಕೇಳಿಬಿಟ್ಟ. ಕ್ರೆನ್‌ಷಾ ಕಾಲರಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ನಗುತ್ತ, "ಓಜೆಲ್ ಹೇಳ್ತಾನೆ, ಇವರನ್ನ ಶರಣಾದ್ಮೇಲೆ ಕೊಂದ್ರಂತೆ! ನೋಡ್ರಪ್ಪ, ಸತ್ತೋರೆಲ್ಲ ಎದ್ದು ಊಟಕ್ಕೆ ಓಡ್ತಾ ಇದಾರೆ. ಅವರಲ್ಲಿ ಒಬ್ಬನಾದ್ರೂ ದೂರು ಕೊಟ್ನಾ?" ಎಂದ. ಸಾವಿರ ಜನ ಗೊಳ್ಳೆಂದು ನಕ್ಕರು. ಓಜೆಲ್ ಟೋಪಿ ಹಾಕಿಕೊಂಡು ಕಾರಿನ ಕಡೆ ನಡೆದ. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡ. ಡಾಕ್ಟರು ಹೃದಯ ಎಂದರು. ಆ ನಗು ಎಂದು ಲ್ಯೂಷಸ್ ತೀರ್ಮಾನಿಸಿದ, ಆ ತೀರ್ಮಾನದಿಂದ ಅವನನ್ನು ಯಾರೂ ಕದಲಿಸಲಾಗಲಿಲ್ಲ.

ಮಣ್ಣು ಮಾಡಿ ಬಂದು ಚರ್ಚಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಓಜೆಲನ ಹೆಂಡತಿ ವರ್ಡೆಲ್ ಮೈದುನನ ತಟ್ಟೆಗೆ ಜೋಳದ ರೊಟ್ಟಿ ಹಾಕುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: "ನಿಮ್ಮಣ್ಣ ಅರ್ಜಿ ಬರ್ದು ಬರ್ದು ಸತ್ತ. ನೀನು ಪ್ರತಿ ವರ್ಷ ಆ ಕ್ರೆನ್‌ಷಾ ಕಾಲಡಿ ಸತ್ತ ಹಾಗೆ ನಾಟಕ ಆಡಿ, ಎದ್ದು ಅವನಿಗೆ ಶೇಕ್ ಹ್ಯಾಂಡ್ ಕೊಟ್ಟು ಬರ್ತೀಯ. ತಿನ್ನು, ಚೆನ್ನಾಗ್ ತಿನ್ನು."

ಅವನು ತಟ್ಟೆ ಸರಿಸಿ ಎದ್ದ. ಅಂದಿನಿಂದ ಲ್ಯೂಷಸನಿಗೆ ಬೇರೆ ಯೋಚನೆಯಿಲ್ಲ. ಬೋರ್ಡು ಹೇಳದ್ದನ್ನು ಆ ಮೈದಾನದಲ್ಲೇ ಸಾವಿರ ಕಣ್ಣುಗಳಿಗೆ ತೋರಿಸಬೇಕು. ಕ್ರೆನ್‌ಷಾನ ಮುಖಕ್ಕೆ ಮಸಿ ಬಳಿಯಬೇಕು, ಅದೂ ಅವನದೇ ಹಬ್ಬದ ದಿನ.

ದಾರಿ ಆಟದ ನಿಯಮದಲ್ಲೇ ಇತ್ತು. ಮದ್ದು ತುಂಬಿದ ಬಂದೂಕನ್ನು ಯಾರೂ ಮೈದಾನದಿಂದ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ನೀಲಿಯವರು ಶರಣಾದ ಮೇಲೆ, "ಖಾಲಿ ಮಾಡಿ!" ಎಂದು ಕೂಗು ಬೀಳುತ್ತದೆ, ಗೆದ್ದವರು ಉಳಿದ ಮದ್ದನ್ನೆಲ್ಲ ಒಟ್ಟಿಗೆ ಎದುರಿನವರ ತಲೆಯ ಮೇಲಿಂದ ಹಾರಿಸುತ್ತಾರೆ. ಆಮೇಲೆ ತುತ್ತೂರಿ. ತುತ್ತೂರಿ ಊದಿದ ಕೂಡಲೇ ಸತ್ತವರೆಲ್ಲ ಏಳಬೇಕು, ಕೊಂದವನು ಕೈ ಕೊಟ್ಟು ಎಬ್ಬಿಸಬೇಕು. ಇದು ಈ ಆಟದವರಿಗೆ ಪ್ರಾರ್ಥನೆಯಷ್ಟೇ ಪವಿತ್ರ.

ಕ್ಲೀಟಸನ ಮೀನಿನ ಅಂಗಡಿಯಲ್ಲಿ ಪಡೆಯವರನ್ನೆಲ್ಲ ಕೂರಿಸಿ ಲ್ಯೂಷಸ್ ಹೇಳಿದ್ದ. "ಈ ಸಲ ಕದನದಲ್ಲಿ ಒಬ್ಬರೂ ಸಾಯೋದ್ ಬೇಡ. ಎಲ್ಲ ಶರಣಾಗೋಣ, ಕೈ ಎತ್ತಿ ನಿಲ್ಲೋಣ. ಅವರು ಖಾಲಿ ಮಾಡೋಕೆ ಹಾರಿಸ್ತಾರಲ್ಲ, ಆಗ ಎಲ್ಲರೂ ಒಟ್ಟಿಗೆ ಬೀಳೋದು."

"ತುತ್ತೂರಿ ಊದಿದ್ರೆ?" ಎಂದು ಕ್ಲೀಟಸ್ ಕೇಳಿದ.

"ಏಳೋದಿಲ್ಲ."

"ಎಷ್ಟೊತ್ತು?"

"ನಾನ್ ಏಳೋವರೆಗೆ."

ಕ್ಲೀಟಸ್ ಹೊಟ್ಟೆ ಸವರಿಕೊಂಡ. "ನನಗೊಂದು ಇರುವೆ ಗೂಡಿಲ್ಲದ ಜಾಗ ನೋಡಿಡು ಮಾರಾಯ" ಎಂದ. ಯಾರೂ ಬೇಡ ಎನ್ನಲಿಲ್ಲ. ಮನೆಯಲ್ಲಿ ಯಾರಿಗೂ ಬಾಯಿ ಬಿಡಬಾರದೆಂದು ಆಣೆಯಾಯಿತು. ವರ್ಡೆಲಳಿಗೂ ಹೇಳಲಿಲ್ಲ.

ಈಗ ಮೈದಾನದಲ್ಲಿ ಹೊಗೆ ತುಂಬಿತ್ತು. ಹಗ್ಗದಾಚೆ ಜನ ಕುರ್ಚಿ ಹಾಕಿಕೊಂಡು, ಸಿಹಿ ಚಹಾ ಹೀರುತ್ತ ನೋಡುತ್ತಿದ್ದರು. ಬೂದು ಕೋಟಿನವರು ಕಿರುಚುತ್ತ ದಿಬ್ಬ ಹತ್ತಿದರು. ಕ್ರೆನ್‌ಷಾ ಕುದುರೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ಮೈಕಿನಲ್ಲಿ ತನ್ನ ಹಿರಿಯನ ಶೌರ್ಯವನ್ನು ಬಣ್ಣಿಸುತ್ತಿದ್ದ. ಬಿಳಿ ಬಟ್ಟೆ ಮೇಲೇರಿತು. ಲ್ಯೂಷಸ್ ಬಂದೂಕನ್ನು ಹುಲ್ಲಿನ ಮೇಲಿಟ್ಟ, ಎರಡು ಕೈಯನ್ನೂ ಎತ್ತಿದ. ಪಕ್ಕದಲ್ಲಿ ಕ್ಲೀಟಸ್ ಎತ್ತಿದ. ಸಾಲಿನುದ್ದಕ್ಕೂ ಎಲ್ಲ ಕೈಗಳು ಎದ್ದವು.

"ಈ ವರ್ಷ ಒಬ್ಬನೂ ಸಾಯ್ಲಿಲ್ವಲ್ರೋ, ಸಾಯೋಕೂ ಸೋಮಾರಿತನ!" ಎಂದು ಕ್ರೆನ್‌ಷಾ ಹಾಸ್ಯ ಮಾಡಿದ. ಜನ ನಕ್ಕರು. ನಗಲಿ, ಇದೇ ಕೊನೆಯ ನಗು ಎಂದು ಲ್ಯೂಷಸ್ ಹಲ್ಲು ಕಚ್ಚಿದ.

"ಖಾಲಿ ಮಾಡಿ!"

ಐವತ್ತು ಬಂದೂಕುಗಳು ಒಟ್ಟಿಗೆ ಸಿಡಿದವು. ಇಪ್ಪತ್ತೆರಡು ಜನ ಬುಡ ಕಡಿದ ಬಾಳೆಗಿಡಗಳಂತೆ ಉರುಳಿದರು. ಲ್ಯೂಷಸ್ ಮುಖ ಕೆಳಗಾಗಿ ಬಿದ್ದ. ಮೂಗಿಗೆ ಮಣ್ಣು ತಾಗಿತು. ಹೊಗೆ ಕರಗಿತು. ತುತ್ತೂರಿ ಮೊಳಗಿತು. ಯಾರೂ ಏಳಲಿಲ್ಲ. ತುತ್ತೂರಿಯವನು ಮತ್ತೊಮ್ಮೆ ಊದಿದ, ನಡುವೆಯೇ ಉಸಿರು ತಪ್ಪಿ ನಿಲ್ಲಿಸಿದ.

ಕೈ ಎತ್ತಿ ನಿಂತವರ ಮೇಲೆ ಬಂದೂಕು ಹಾರಿದ್ದನ್ನು ಸಾವಿರ ಜನ ಕಣ್ಣಾರೆ ನೋಡಿದ್ದರು. ಲ್ಯೂಷಸ್ ಬಯಸಿದ್ದು ಇಷ್ಟನ್ನೇ. ಆದರೆ ಅವನು ಬಯಸದೇ ಇದ್ದದ್ದೂ ನಡೆಯಿತು. ಹಗ್ಗದ ಕಡೆಯಿಂದ ಅತ್ತಿಗೆಯ ಕೂಗು ಕೇಳಿಸಿತು. "ಲ್ಯೂಷಸ್! ಅಯ್ಯೋ ದೇವ್ರೇ, ಲ್ಯೂಷಸ್!" ಅಣ್ಣ ಸತ್ತ ದಿನವೂ ಅವಳು ಹೀಗೆ ಕೂಗಿರಲಿಲ್ಲ. ಏಳಲೆಂದು ಅವನು ಅಂಗೈ ನೆಲಕ್ಕೆ ಊರಿದ. ಏಳಲಿಲ್ಲ. ಸೇಡು ಎಂದರೆ ಹಾಗೆಯೇ, ಶತ್ರುವಿನ ಮನೆಗೆ ಹಚ್ಚಿದ ಬೆಂಕಿಗೆ ನಮ್ಮ ಮನೆಯ ಸೂರೂ ಸ್ವಲ್ಪ ಸೀಯುತ್ತದೆ.

ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಕ್ರೆನ್‌ಷಾ ಹೆಗಲು ಮುಟ್ಟಿ ನೋಡಿಕೊಂಡುಬಿಟ್ಟ. ತನ್ನವರ ಬಂದೂಕುಗಳಿಗೆ ತಾನೇ ತಪಾಸಣೆ ತಪ್ಪಿಸಿದ್ದು ನೆನಪಾಗಿರಬೇಕು. ತಲೆಕೆಟ್ಟವರು ಯಾರೋ ನಿಜವಾದ ಗುಂಡು ತುಂಬಿದ್ದಾರೆ! ಕುದುರೆಯಿಂದ ಹೇಗೆ ಇಳಿದನೋ, ಬಿದ್ದನೋ, ಅವನ ಕೂಗು ಮೈದಾನದ ಸ್ಪೀಕರುಗಳಲ್ಲೆಲ್ಲ ಮೊಳಗಿತು.

"ಯಾರೋ ಹೊಡ್ದಿದ್ದು? ಯಾರೋ ಗುಂಡು ತುಂಬಿದ್ದು? ಅವರು ಬಂದೂಕು ಕೆಳಗಿಟ್ಟಿದ್ರು ಕಣ್ರೋ! ಕೈ ಎತ್ತಿದ್ರು! ಶರಣಾದೋರನ್ನ ಕೊಂದ್ಬಿಟ್ರಲ್ರೋ ಪಾಪಿಗಳಾ!"

ಓಜೆಲ್ ಹತ್ತೊಂಬತ್ತು ವರ್ಷ ಬೇಡಿದ ಸಾಲು ಅದೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಣ್ಣಿಗೆ ಮುಖವಿಟ್ಟುಕೊಂಡೇ ಲ್ಯೂಷಸ್ ಅತ್ತ, ನಕ್ಕ. ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ.

ಕ್ರೆನ್‌ಷಾ ಮೊಣಕಾಲೂರಿ ಅವನನ್ನು ಅಂಗಾತ ಮಗುಚಿದ. ಎದೆಯಲ್ಲಿ ರಕ್ತ ಹುಡುಕಿದ. ಸಿಗಲಿಲ್ಲ. ಲ್ಯೂಷಸ್ ಕಣ್ಣು ತೆರೆದಿದ್ದ.

"ಬದುಕಿದೀಯಾ?"

"ಏನಂದೆ ಈಗ, ರಾಯ್ಸ್? ಇನ್ನೊಂದ್ ಸಲ ಹೇಳು."

ಕ್ರೆನ್‌ಷಾನ ಮುಖದಿಂದ ಭಯ ಇಳಿಯಿತು. ಅದರ ಜಾಗಕ್ಕೆ ತಾನು ಏನಂದೆ ಎಂಬ ಅರಿವು ಬಂತು. ಕೈ ಸರಕ್ಕನೆ ಕಾಲರಿನ ಮೈಕಿಗೆ ಹೋಯಿತು. ಅಷ್ಟರಲ್ಲಿ ವರ್ಡೆಲ್ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಮೈದುನನ ತೆರೆದ ಕಣ್ಣು ನೋಡಿ ಅವಳ ಕೈಯಲ್ಲಿದ್ದ ಚಹಾದ ಹೂಜಿ ಓರೆಯಾಗಿ ನೆಲಕ್ಕೆಲ್ಲ ಸುರಿಯಿತು.

"ಸತ್ತಿದ್ರೆ ಸರಿ ಹೋಯ್ತು. ಬದುಕಿದ್ರೆ ನಾನೇ ಕೊಲ್ತೀನಿ ನಿನ್ನ" ಎಂದಳು. ಆಮೇಲೆ ಕ್ರೆನ್‌ಷಾನ ಕಡೆ ತಿರುಗಿದಳು. "ಎಲ್ರಿಗೂ ಕೇಳಿಸ್ತು ಕ್ರೆನ್‌ಷಾ ಅವರೇ. ಬಹಳ ಸ್ಪಷ್ಟವಾಗಿ ಹೇಳಿದ್ರಿ."

ಜನ ಎದ್ದು ನಿಂತಿದ್ದರು. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ, ಒಬ್ಬನೂ ಹೋಗಲಿಲ್ಲ. ಕ್ರೆನ್‌ಷಾ ಎಲ್ಲರಿಗೂ ಕಾಣುವಂತೆ ನಗು ತಂದುಕೊಂಡು ಕೈ ಚಾಚಿದ. "ಬಾರಪ್ಪ, ಏಳು. ಚೆನ್ನಾಗಿತ್ತು ತಮಾಷೆ. ಮುಂದಿನ ಆಟಕ್ಕೆ ಕುದುರೆ ಪಡೆ ಕಾಯ್ತಾ ಇದೆ, ಮೈದಾನ ಖಾಲಿ ಆಗ್ಬೇಕು."

"ಖಾಲಿ ಮಾಡು ಹಾಗಾದ್ರೆ. ನಾವು ಏಳಲ್ಲ."

"ಅಂದ್ರೆ?"

"ಕೊಂದೋರು ಹೊರಬೇಕು. ನಿನ್ನ ಐವತ್ತು ಜನ ಇದಾರಲ್ಲ, ಒಬ್ಬೊಬ್ಬರನ್ನೇ ಹೊತ್ಕೊಂಡು ಹೋಗ್ಲಿ. ನನ್ನ ತಲೆ ಕಡೆ ನೀನ್ ಹಿಡಿ. ಆ ಕಾಲದಲ್ಲಿ ನಿಮ್ಮೋರು ಒಬ್ರನ್ನೂ ಮುಟ್ಟಲಿಲ್ಲ, ನಮ್ಮ ಹೆಂಗಸರೇ ಎಳ್ಕೊಂಡು ಹೋದ್ರು."

ಕ್ರೆನ್‌ಷಾ ಸುತ್ತ ನೋಡಿದ. ಜನರ ಕೈಯಲ್ಲಿ ಫೋನುಗಳು ಎದ್ದಿದ್ದವು. ಬೂದು ಕೋಟಿನ ಒಬ್ಬ ಯುವಕ ಆಗಲೇ ಟೋಪಿ ತೆಗೆದು ಕೆಳಗಿಟ್ಟು, ಕ್ಲೀಟಸನ ಕಾಲ ಬಳಿ ಬಗ್ಗಿದ್ದ. ಇನ್ನಿಬ್ಬರು ಹೋಗಿ ಸೇರಿಕೊಂಡರು. ಕ್ರೆನ್‌ಷಾನಿಗೆ ಬೇರೆ ದಾರಿ ಉಳಿಯಲಿಲ್ಲ. ಲ್ಯೂಷಸನ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ.

ದಿಬ್ಬದಿಂದ ಹಗ್ಗದವರೆಗೆ ಏರುಪೇರಿನ ನೆಲ. ವರ್ಡೆಲ್ ಮುಂದೆ ನಡೆದಳು; ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಕ್ರೆನ್‌ಷಾನ ಬೆವರು ಲ್ಯೂಷಸನ ಹಣೆಯ ಮೇಲೆ ಹನಿಯಿತು.

"ಸ್ವಲ್ಪ ಸಹಾಯ ಮಾಡೋ, ಕೈ ಸೋತ್ ಹೋಯ್ತು. ಮೈ ಬಿಗಿ ಹಿಡಿ" ಎಂದು ಕ್ರೆನ್‌ಷಾ ಹಲ್ಲುಗಳ ನಡುವಿನಿಂದ ಪಿಸುಗುಟ್ಟಿದ.

"ಹೆಣ ಎಲ್ಲಾದ್ರೂ ಸಹಾಯ ಮಾಡುತ್ತಾ?" ಎಂದು ಲ್ಯೂಷಸ್ ಕಣ್ಣು ಮುಚ್ಚಿಕೊಂಡ, ಮೈಯನ್ನು ಇನ್ನಷ್ಟು ಸಡಿಲ ಬಿಟ್ಟ.